ರೂಪಾಯಿ ಅಗಲದ ಪೇಂಟು

ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಗುಟ್ಟು ಹೇಳಲು ಬರುವುದಿಲ್ಲ. ಪಿಸುಮಾತು ಎಂಬುದೊಂದು ಈ ಲೋಕದಲ್ಲಿದೆ ಎಂದು ನನಗೆ ತಿಳಿದದ್ದೇ ಮದುವೆಯಾದ ಮೇಲೆ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಡುಮನೆಗೆ ಅಂಟಿಕೊಂಡೇ ನಾಲ್ಕು ಮಗ್ಗಗಳಿವೆ. ಬೆಳಿಗ್ಗೆಯಿಂದ ಅವು ಖಟಖಟ ಎನ್ನುತ್ತಿದ್ದರೆ, ಸಾರಿಗೆ ಉಪ್ಪು ಕಮ್ಮಿಯಾಗಿದೆ ಎನ್ನುವುದನ್ನೂ ಬೀದಿಗೆಲ್ಲ ಸಾರಿದ ಹಾಗೇ ಹೇಳಬೇಕು. ಹೆಣ್ಣು ನೋಡಲು ಹೊಸಕೋಟೆಗೆ ಹೋಗಿದ್ದಾಗ ನಮ್ಮಪ್ಪ ನನ್ನ ಕಿವಿಯ ಹತ್ತಿರ ಬಾಯಿಟ್ಟು, ಹುಡುಗಿ ಒಪ್ಪಿಗೆಯೇನೋ ಎಂದು ಗುಟ್ಟಾಗಿ ಕೇಳಿದರು. ನಾನೂ ಗುಟ್ಟಾಗಿಯೇ ಉತ್ತರ ಹೇಳಿದೆ. ಒಳಗಿದ್ದ ಹುಡುಗಿ ನಾಚಿಕೊಂಡು ಹಿತ್ತಲಿಗೆ ಓಡಿದಳು. ಪಕ್ಕದ ಮನೆಯವರು ಬಂದು ಒಳ್ಳೆಯದಾಗಲಿ ಎಂದು ಹರಸಿ ಹೋದರು. ಆ ಹುಡುಗಿಯೇ ವಿಮಲ, ನನ್ನ ಹೆಂಡತಿ.

ಮೂವತ್ತೈದು ವರ್ಷ ಮಗ್ಗಗಳ ನಡುವೆ ಓಡಾಡಿದ ಕಿವಿ ಎಷ್ಟು ದಿನ ತಾಳೀತು? ಮಂದವಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಇನ್ನೊಬ್ಬರಿಗೆ ಗೊತ್ತಾಗಬಾರದು ಎನ್ನುವುದೊಂದೇ ನನ್ನ ಹಟ. ಅದಕ್ಕೊಂದು ಉಪಾಯವನ್ನೂ ಕಂಡುಕೊಂಡಿದ್ದೆ. ಎದುರಿಗಿರುವವರ ತುಟಿ ನಿಂತ ಕೂಡಲೇ ನಗುತ್ತಾ "ಹೌದು ಹೌದು" ಎನ್ನುವುದು. ಹತ್ತರಲ್ಲಿ ಎಂಟು ಸಲ ಇದು ನಡೆದುಹೋಗುತ್ತದೆ. ಉಳಿದೆರಡು ಸಲದಲ್ಲಿ ಒಮ್ಮೆ ನಮ್ಮ ಮುಂದಿನ ಕೋಣೆಯನ್ನು ಪ್ರತಿ ಶನಿವಾರ ಬೀದಿಯ ಭಜನೆಯವರಿಗೆ ಬಿಟ್ಟುಕೊಟ್ಟಿದ್ದೇನೆ. ಅವರು ತಾಳ ಹಿಡಿದು ಬಂದು ಚಾಪೆ ಹಾಸಿದಾಗಲೇ ನಾನು ಯಾವುದಕ್ಕೆ ಹೌದು ಎಂದಿದ್ದೆ ಎಂದು ನನಗೆ ತಿಳಿದದ್ದು.

ಹೊರಗಿನವರ ಮುಂದೆ ನಡೆಯುವ ಉಪಾಯ ಹೆಂಡತಿಯ ಮುಂದೆ ಎಷ್ಟು ದಿನ ನಡೆದೀತು! ತಿಂಗಳಿಗೊಮ್ಮೆ ನಾವಿಬ್ಬರೂ ಕಾರಿನಲ್ಲಿ ಹೊಸಕೋಟೆಗೆ ಹೋಗುತ್ತೇವೆ. ಅವಳ ತಂಗಿ ಪದ್ಮ ಅಲ್ಲಿರುವುದು. ಮೊದಲೆಲ್ಲ ವಿಮಲ ನಮ್ಮ ಬೀದಿಯಲ್ಲಿ ಶುರು ಮಾಡಿದ ಮಾತನ್ನು ತಂಗಿಯ ಮನೆಯ ಗೇಟಿನ ಮುಂದೆ ಮುಗಿಸುತ್ತಿದ್ದಳು. ಆಮೇಲೆ ಒಂದೊಂದನ್ನೂ ಎರಡೆರಡು ಸಲ ಹೇಳಬೇಕಾಯಿತು. ಮೂರನೇ ಸಲಕ್ಕೂ ನಾನು "ಆಂ?" ಎಂದರೆ ಕಿಟಕಿಯ ಕಡೆ ತಿರುಗಿ "ಏನಿಲ್ಲ ಬಿಡಿ" ಎನ್ನುತ್ತಿದ್ದಳು. ಅದೇನು ಮಾಯವೋ, ಆ ಎರಡು ಪದ ಮಾತ್ರ ನನಗೆ ಚೆನ್ನಾಗಿ ಕೇಳಿಸುತ್ತಿದ್ದವು. ಕೊನೆಗೆ ಕಾರಿನಲ್ಲಿ ಮಾತನ್ನೇ ನಿಲ್ಲಿಸಿಬಿಟ್ಟಳು. ಹೀಗೆ ಎರಡು ವರ್ಷ ಕಳೆಯಿತು. ದೇವನಹಳ್ಳಿ ಬಂದು ಹೋಗುತ್ತದೆ, ಸೂಲಿಬೆಲೆ ಬಂದು ಹೋಗುತ್ತದೆ, ಪಕ್ಕದಲ್ಲಿ ಕೂತವಳು ಹೊಲ ನೋಡುತ್ತಿರುತ್ತಾಳೆ. ನನಗೆ ಅದು ತುಂಬಾ ಕಷ್ಟವಾಗುತ್ತಿತ್ತು.

ಬುದ್ಧಿ ಇರುವವನು ಇಂಥ ಹೊತ್ತಿನಲ್ಲಿ ಕಿವಿ ಡಾಕ್ಟರ ಹತ್ತಿರ ಹೋಗುತ್ತಾನೆ. ನಾನು ಕಾರ್ ಆಡಿಯೋ ಅಂಗಡಿಗೆ ಹೋದೆ. ಕಂಪನಿಯವರು ಹಾಕಿಕೊಟ್ಟ ಸ್ಪೀಕರ್ ಸರಿಯಿಲ್ಲ, ಒಂದು ದೊಡ್ಡ ಸೆಟ್ ಹಾಕಿಸಿಬಿಟ್ಟರೆ ಹಾಡಾದರೂ ಕಾರು ತುಂಬಿಕೊಂಡಿರುತ್ತದೆ, ಈ ಮೌನ ಕಾಣುವುದಿಲ್ಲ ಎಂಬುದು ನನ್ನ ಲೆಕ್ಕ. ದೇವನಹಳ್ಳಿಯಲ್ಲಿ ಮುನಿರಾಜು ಎಂಬುವನು ಈ ಕೆಲಸದಲ್ಲಿ ನಿಸ್ಸೀಮ ಎಂದು ನೂಲಿನ ವ್ಯಾಪಾರಿಯೊಬ್ಬರು ಹೇಳಿದ್ದರು. ನಂದಗುಡಿ ಕಡೆಯವನು, ಮೊದಲು ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಮಾಡುತ್ತಿದ್ದವನು. ನಾನೇನು ಬರಿಗೈಯಲ್ಲಿ ಹೋಗಲಿಲ್ಲ. ನಾಲ್ಕು ಮಗ್ಗಗಳ ಮೋಟರು ಓಡಿಸುವವನಿಗೆ ಕರೆಂಟಿನ ವಿಷಯ ಯಾರಾದರೂ ಹೇಳಿಕೊಡಬೇಕೇ? ಮಗ್ಗದ ಮನೆಯಲ್ಲಿ ಉಳಿದಿದ್ದ ಅಲ್ಯೂಮಿನಿಯಂ ವೈರಿನ ಸುರುಳಿಯನ್ನು ಡಿಕ್ಕಿಯಲ್ಲಿ ಹಾಕಿಕೊಂಡೇ ಹೋದೆ.

ಮುನಿರಾಜು ಆ ಸುರುಳಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮರ್ಯಾದೆಯಿಂದ ಒಂದು ಮೂಲೆಯಲ್ಲಿಟ್ಟ. ಆಮೇಲೆ ತನ್ನ ವೈರು ತೋರಿಸಿದ. ಹೆಬ್ಬೆರಳಿನ ಗಾತ್ರದ ತಾಮ್ರದ ಕೇಬಲ್. ತುದಿಯ ಸಿಪ್ಪೆ ಸುಲಿದರೆ ಒಳಗೆ ಕೂದಲಿಗಿಂತ ಸ್ವಲ್ಪ ದಪ್ಪನೆಯ ಸಾವಿರಾರು ಎಳೆಗಳು. ಅಷ್ಟು ಸುಲಿದರೂ ಒಂದೇ ಒಂದು ಎಳೆ ತುಂಡಾಗಿರಲಿಲ್ಲ. ಎಳೆ ತುಂಡಾಗದ ಹಾಗೆ ಕೆಲಸ ಮಾಡುವುದು ಎಷ್ಟು ಕಷ್ಟ ಎಂದು ನೇಕಾರನಿಗೆ ಬೇರೆಯವರು ಹೇಳಬೇಕಾಗಿಲ್ಲ. ಅಲ್ಲಿಂದಲೇ ನಾನು ಅವನಿಗೆ ಅರ್ಧ ಶರಣಾದೆ.

ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಆಂಪ್ಲಿಫೈಯರ್ ತೋರಿಸಿ ಅದನ್ನೇ ಕೊಡು ಎಂದೆ. ಅವನು ಬಾನೆಟ್ ಎತ್ತಿ, ಡೈನಮೋ ಮೇಲಿನ ಚೀಟಿ ಓದಿ, ಆಗಲ್ಲ ಎಂದುಬಿಟ್ಟ. ಗಿರಾಕಿ ದೊಡ್ಡದು ಕೇಳಿದರೆ ಚಿಕ್ಕದು ಸಾಕು ಎನ್ನುವ ಅಂಗಡಿಯವನನ್ನು ನಾನು ಅದುವರೆಗೆ ನೋಡಿರಲಿಲ್ಲ. ಈ ಡೈನಮೋ ಹುಟ್ಟಿಸುವುದೇ ಇಷ್ಟು ಕರೆಂಟು, ಅದರಲ್ಲಿ ಲೈಟು, ಎಸಿ, ಫ್ಯಾನು ಎಲ್ಲವೂ ಬದುಕಬೇಕು, ಇದಕ್ಕೆ ಮೀರಿದ್ದನ್ನು ಹಾಕಿದರೆ ಹಾಡಿನ ಒಂದೊಂದು ಪೆಟ್ಟಿಗೂ ಹೆಡ್‌ಲೈಟ್ ಕಣ್ಣು ಮುಚ್ಚುತ್ತದೆ ಎಂದು ವಿವರಿಸಿದ. ಇಷ್ಟು ದಪ್ಪನೆಯ ವೈರು ಯಾಕೆ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ನನಗೆ ಇನ್ನೂ ನೆನಪಿದೆ.

"ನಮ್ಮೂರಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕದ ತೋಟಕ್ಕೆ ನೀರು ಹಾರ್ತದೆ ಅಣ್ಣ. ಕೊನೇ ತೋಟದಲ್ಲಿ ಮೋಟರು ಬರೀ ಗುಂಯ್ ಅಂತದೆ. ದಾರೀಲೇ ಕರೆಂಟು ಸೋತೋಗಿರ್ತದೆ. ನಿಮ್ ಬ್ಯಾಟರಿ ಮುಂದೈತೆ, ಆಂಪು ಡಿಕ್ಕೀಲಿ ಕೂತೈತೆ. ಅದೇ ಕೊನೇ ತೋಟ."

ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿದ ನನಗೆ ವೋಲ್ಟೇಜು ಏನೆಂದು ಆವತ್ತು ಅರ್ಥವಾಯಿತು. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ ಅವನು ದೊಡ್ಡ ಫ್ಯೂಸ್ ಕೂರಿಸಿದ. ನಮ್ಮ ಮಗ್ಗದ ಮನೆಯಲ್ಲಿ ಫ್ಯೂಸ್ ಹೋದರೆ ಮೂರೆಳೆ ತಂತಿ ಸುತ್ತಿ, ಆ ವಿಷಯವನ್ನೇ ಮರೆತುಬಿಡುವುದು ವಾಡಿಕೆ. ಇಲ್ಲೂ ಹಾಗೇ ಮಾಡಪ್ಪಾ ಎಂದು ಸಲಹೆ ಕೊಟ್ಟೆ. ಅವನು ಸ್ಪ್ಯಾನರ್ ತಿರುಗಿಸುತ್ತಲೇ, "ಮಗ್ಗದ ಮನೇಲಿ ವೈರು ಹತ್ಕೊಂಡ್ರೆ ಆಚೆ ಓಡೋಗ್ಬೋದು ಅಣ್ಣ. ಇಲ್ಲಿ ಬೆಲ್ಟ್ ಹಾಕ್ಕೊಂಡು ಕೂತಿರ್ತೀರ" ಎಂದ. ಮನೆಗೆ ಹೋದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಮಗ್ಗದ ಫ್ಯೂಸುಗಳನ್ನೆಲ್ಲ ಬಿಚ್ಚಿ ಸರಿಯಾದ ತಂತಿ ಹಾಕಿದ್ದು. ಆ ಸಂಗತಿಯನ್ನು ಅವನಿಗೆ ಹೇಳಲಿಲ್ಲ.

ಅವನು ಕೆಲಸ ಮಾಡುವುದನ್ನು ನೋಡುತ್ತಾ ಸ್ಟೂಲಿನ ಮೇಲೆ ಕೂತೆ, ಮಧ್ಯಾಹ್ನದ ಊಟವನ್ನೂ ಮರೆತೆ. ಇಂಜಿನ್ನಿನ ಕಡೆಯಿಂದ ವೈರು ಒಳಗೆ ಬರುವ ತೂತಿಗೆ ರಬ್ಬರಿನ ಬಳೆ ತೊಡಿಸಿದ, ತಗಡಿನ ಅಂಚು ವೈರನ್ನು ಕೊಯ್ಯಬಾರದೆಂದು. ಕರೆಂಟಿನ ವೈರನ್ನು ಬಲಗಡೆಯಿಂದ ಎಳೆದ, ಹಾಡಿನ ವೈರನ್ನು ಎಡಗಡೆಯಿಂದ ತಂದ. ಎರಡೂ ಜೊತೆಯಲ್ಲಿ ಮಲಗಿದರೆ ಕರೆಂಟಿನ ಗೊಣಗಾಟ ಹಾಡಿಗೆ ಅಂಟುತ್ತದಂತೆ. ಕಾರ್ಪೆಟ್ ಕೆಳಗೆ ಯಾರೂ ಎಂದೂ ನೋಡದ ಜಾಗದಲ್ಲಿ ಗೇಣಿಗೊಂದರಂತೆ ಕಟ್ಟು ಹಾಕಿ ನೇರವಾಗಿ ಕೂರಿಸಿದ. ಯಾರೂ ನೋಡುವುದಿಲ್ಲವಲ್ಲ ಎಂದೆ. ನಾನು ನೋಡಿದ್ದೀನಲ್ಲ ಅಣ್ಣ ಎಂದ. ಸೀರೆಯ ಹಿಂಬದಿಯಲ್ಲಿ ಎಳೆ ಬಿಟ್ಟು ಕೈತೊಳೆದುಕೊಂಡ ನನ್ನ ಎಷ್ಟೋ ದಿನಗಳು ನೆನಪಾದವು.

ಆಂಪಿಗೆ ಒಂದೇ ವೈರು ಬಂದು ಸೇರಿದ್ದನ್ನು ನೋಡಿ, ಇನ್ನೊಂದು ವೈರು ಎಲ್ಲಿ ಎಂದು ಕೇಳಿದೆ. ಅವನು ಕಾರಿನ ಮೈ ತಟ್ಟಿದ. ಇಡೀ ಕಾರಿನ ತಗಡೇ ಇನ್ನೊಂದು ವೈರಂತೆ. ಹೋದ ಕರೆಂಟು ಅದರ ಮೂಲಕವೇ ಬ್ಯಾಟರಿಗೆ ಹಿಂತಿರುಗಬೇಕು. ಅದಕ್ಕಾಗಿ ಡಿಕ್ಕಿಯಲ್ಲಿ ಒಂದು ಕಡೆ ಪೇಂಟು ಕೆರೆದು, ತಗಡು ಬೆಳ್ಳಗೆ ಕಂಡ ಮೇಲೆ ಬೋಲ್ಟು ಬಿಗಿಯಬೇಕು. ಎಷ್ಟು ಕೆರೆಯಬೇಕು ಎಂದೆ. ರೂಪಾಯಿ ಅಗಲ ಎಂದ.

ಇಲ್ಲಿ ನನ್ನ ಕೇಡುಗಾಲ ಶುರುವಾಯಿತು. ಹಳೆಯದನ್ನು ಕೊಟ್ಟು ಈ ಹೊಸ ಕಾರು ತಂದು ಏಳು ತಿಂಗಳಾಗಿತ್ತು, ಸೀಟಿನ ಪ್ಲಾಸ್ಟಿಕ್ ಕವರನ್ನು ಕೂಡ ನಾನು ತೆಗೆದಿರಲಿಲ್ಲ. ಅಂಥವನ ಎದುರಿಗೆ ಮರಳು ಕಾಗದ ಹಿಡಿದು ನಿಂತರೆ ಹೇಗಾಗಬೇಡ! ಸುತರಾಂ ಬೇಡ ಎಂದೆ. ಅವನು ಬುದ್ಧಿ ಹೇಳಿದ, ನಾನು ಕೇಳಲಿಲ್ಲ. ಕೊನೆಗೆ ಆಂಪಿನ ಗಿಡ್ಡ ವೈರೊಂದನ್ನು ಅಲ್ಲೇ ಇದ್ದ ಒಂದು ಬೋಲ್ಟಿಗೆ ಪೇಂಟಿನ ಮೇಲೆಯೇ ಬಿಗಿದು, "ಸ್ಪೀಕರು ಕುಯ್ ಅಂತದೆ. ಆಮೇಲೆ ನನ್ನ ಬೈಬೇಡಿ. ಬಂದೇ ಬರ್ತೀರ" ಎಂದ.

ಕುಯ್ ಎನ್ನಲಿಲ್ಲ. ಹಾಡು ಹಾಕಿದರೆ ಮದ್ದಳೆಯ ಪೆಟ್ಟು ನನ್ನ ಎದೆಯೊಳಗೇ ಬೀಳುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಒಂದು ಹಾಡು ನನಗೆ ಇಡಿಯಾಗಿ ಸಿಕ್ಕಿತ್ತು. ಮುನಿರಾಜು ಎಲ್ಲ ಬಲ್ಲವನಾದರೂ ಪೇಂಟಿನ ವಿಷಯದಲ್ಲಿ ನನ್ನ ಮಾತೇ ಗೆದ್ದಿತು ಎಂದು ಬೀಗಿದೆ. ವಿಮಲ ಮಾತ್ರ ಕಾರು ಹತ್ತಿದ ಕೂಡಲೇ ಸೆರಗನ್ನು ಕಿವಿಗೆ ಸುತ್ತಿಕೊಳ್ಳತೊಡಗಿದಳು. ಎಸಿ ಗಾಳಿಗೆ ಇರಬೇಕು ಎಂದುಕೊಂಡು ಎಸಿ ಕಮ್ಮಿ ಮಾಡಿದೆ. ಎರಡು ಸಲ ಏನೋ ಹೇಳಿದಳು. ಎರಡು ಸಲವೂ ನಾನು ನಗುತ್ತಾ ಹೌದು ಹೌದು ಎಂದೆ.

ಮುಂದಿನ ತಿಂಗಳು ಹೊಸಕೋಟೆಯಿಂದ ಪದ್ಮಳನ್ನೂ ಕರೆದುಕೊಂಡು ನಮ್ಮೂರಿಗೆ ಹೊರಟೆವು. ಹತ್ತು ನಿಮಿಷವಾಗಿರಲಿಲ್ಲ, ಪದ್ಮ ಹಿಂದಿನಿಂದ ನನ್ನ ಭುಜ ಹಿಡಿದು ಅಲುಗಿಸಿ, ಭಾವ, ಇದನ್ನು ಹಾಕಿದವನ ಹತ್ತಿರ ಮೊದಲು ಗಾಡಿ ನಿಲ್ಲಿಸಿ ಎಂದು ನನ್ನ ಕಿವಿಯಲ್ಲೇ ಕೂಗಿದಳು. ದೇವನಹಳ್ಳಿಯಲ್ಲಿ ನಿಲ್ಲಿಸಿದೆ. ಮುನಿರಾಜು ಮುಂದಿನ ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದ. ಅವನೂ ಅಕ್ಕತಂಗಿಯರೂ ಒಟ್ಟಿಗೆ ಹಲ್ಲು ಕಚ್ಚಿ ಮುಖ ಹಿಂಡಿದರು. ನಾನೂ ಹಿಂಡಿದೆ. ಎಲ್ಲರೂ ಹಿಂಡುತ್ತಿರುವಾಗ ನಾನೊಬ್ಬ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವಲ್ಲ. ಅವನು ನನ್ನನ್ನು ಒಂದು ಕ್ಷಣ ನೋಡಿ, ಬಗ್ಗಿ ಏನೋ ಮುಟ್ಟಿ, "ಅಣ್ಣ, ಈಗ್ಲೂ ಬರ್ತೈತಾ?" ಎಂದು ಕೇಳಿದ.

"ಹೌದು ಹೌದು. ಸ್ವಲ್ಪ ಕಮ್ಮಿಯಾಗಿದೆ. ಆದ್ರೂ ಇದೆ" ಎಂದೆ.

ಅವನು ಸೆಟ್ಟನ್ನು ಪೂರ್ತಿ ಆಫ್ ಮಾಡಿದ್ದ. ವಿಮಲ ನನ್ನನ್ನೇ ನೋಡುತ್ತಿದ್ದಳು. ಎರಡು ವರ್ಷದ ಆಂ, ಎರಡು ವರ್ಷದ ಹೌದು ಹೌದು ಎಲ್ಲವೂ ಅವಳ ಮುಖದಲ್ಲಿ ಒಂದೊಂದಾಗಿ ಹಾದುಹೋದವು. ನಾನು ಅವಳ ಮಾತನ್ನು ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲ ಎಂದು ಅವಳು ಅಷ್ಟೂ ದಿನ ತಿಳಿದಿದ್ದಳಂತೆ. ಇದನ್ನು ಆಮೇಲೆ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮುನಿರಾಜು ನಗಲಿಲ್ಲ. ಅವನ ಬಗ್ಗೆ ನನಗಿರುವ ಗೌರವದಲ್ಲಿ ಮುಕ್ಕಾಲು ಪಾಲು ಈ ನಗದಿದ್ದುದಕ್ಕೇ ಸೇರಬೇಕು. ಹತ್ತಿರ ಬಂದು, ನನ್ನ ಮುಖಕ್ಕೆ ನೇರವಾಗಿ ನಿಂತು, "ಎಷ್ಟು ವರ್ಷ ಆಯ್ತಣ್ಣ ಮಗ್ಗ?" ಎಂದ. ಹೇಳಿದೆ. ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುವವರಿಗೂ ಹೀಗೇ ಆಗುತ್ತದೆ, ದಪ್ಪ ಶಬ್ದ ಉಳಿಯುತ್ತದೆ, ಸಣ್ಣ ಶಬ್ದ ಮೊದಲು ಹೋಗುತ್ತದೆ ಎಂದ. ಆಮೇಲೆ ಡಿಕ್ಕಿ ತೆಗೆದು ಆ ಬೋಲ್ಟಿನ ಮೇಲೆ ನನ್ನ ಬೆರಳು ಇಡಿಸಿದ. ಸುಡುತ್ತಿತ್ತು. ಹೋಗಲು ಹೆದ್ದಾರಿಯಂಥ ದಾರಿ ಮಾಡಿಕೊಟ್ಟು, ವಾಪಸ್ಸು ಬರುವ ಬಾಗಿಲಿಗೆ ಮಾತ್ರ ಪೇಂಟಿನ ನೆಪದಲ್ಲಿ ಬೀಗ ಹಾಕಿದ್ದೆ.

"ಕೆರಿ" ಎಂದೆ. ಅವನು ಮರಳು ಕಾಗದವನ್ನು ನನ್ನ ಕೈಗೇ ಕೊಟ್ಟ. ನಾನೇ ಕೆರೆದೆ. ರೂಪಾಯಿ ಅಗಲ ಎಂದಿದ್ದ, ನಾನು ಎರಡು ರೂಪಾಯಿ ಅಗಲ ಕೆರೆದೆ. ತಗಡು ಬೆಳ್ಳಿಯ ಹಾಗೆ ಹೊಳೆಯಿತು. ಬೋಲ್ಟು ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದ. ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಅಕ್ಕತಂಗಿಯರ ಹುಬ್ಬು ಸಡಿಲವಾದದ್ದನ್ನು ನೋಡಿಯೇ ಶಬ್ದ ನಿಂತಿತೆಂದು ನನಗೆ ತಿಳಿದದ್ದು.

ಮರುವಾರ ವಿಮಲಳೇ ನನ್ನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಈಗ ಎರಡು ಕಿವಿಗೂ ಹುಣಸೆ ಬೀಜದಷ್ಟು ಯಂತ್ರವಿದೆ. ಅದನ್ನು ಮುನಿರಾಜುವಿಗೆ ತೋರಿಸಿದಾಗ ಅಂಗೈಯಲ್ಲಿಟ್ಟುಕೊಂಡು, ಇಷ್ಟರಲ್ಲಿ ಬ್ಯಾಟರಿ, ಆಂಪು, ಸ್ಪೀಕರು ಮೂರನ್ನೂ ಕೂರಿಸಿದವನ ಕೈಗೆ ನಮಸ್ಕಾರ ಎಂದ. ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತದೆ ಎಂದು ನನಗೆ ಮೊದಲ ಸಲ ತಿಳಿಯಿತು. ಹೊಸ ಕಾರುಗಳಲ್ಲಿ ಆ ಶಬ್ದ ತೆಗೆದುಬಿಟ್ಟಿದ್ದಾರೆ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೆ. ವಿಮಲ ಮಾತಾಡತೊಡಗಿದಳು. ಎರಡು ವರ್ಷದ ಬಾಕಿ ಮಾತು, ಒಂದು ಹೊಸಕೋಟೆಗೆ ಮುಗಿಯುವಂಥದ್ದಲ್ಲ. ಹಾಡಿನ ವಾಲ್ಯೂಮು ಆರು ದಾಟುವುದೇ ಇಲ್ಲ. ಹೆಬ್ಬೆರಳು ಗಾತ್ರದ ವೈರು ಕಾರ್ಪೆಟ್ ಕೆಳಗೆ ಕೆಲಸವಿಲ್ಲದೆ ಮಲಗಿದೆಯಲ್ಲ ಎಂದು ಆಗಾಗ ಅದರ ಮೇಲೆ ಕನಿಕರ ಬರುತ್ತಿತ್ತು.

ಮೊನ್ನೆ ಭಾನುವಾರ ಆ ಕನಿಕರವೂ ಹೋಯಿತು. ಅಕ್ಕತಂಗಿಯರು ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತಿದ್ದರು. ಸೂಲಿಬೆಲೆ ದಾಟುವಾಗ ಪದ್ಮ, "ಭಾವ, ಹಾಡು ಸ್ವಲ್ಪ ಜೋರಾಗಿ ಹಾಕಿ" ಎಂದಳು. ಕೊನೆಗೂ ಈ ಸೆಟ್ಟಿಗೆ ಬೆಲೆ ಕಟ್ಟುವವರು ಸಿಕ್ಕರು ಎಂದು ಹಿಗ್ಗಿ ಹತ್ತಕ್ಕೆ ಏರಿಸಿದೆ. ಇನ್ನೂ ಸ್ವಲ್ಪ ಎಂದಳು ವಿಮಲ. ಹದಿನೈದಾಯಿತು, ಇಪ್ಪತ್ತಾಯಿತು. ಹೆಡ್‌ಲೈಟ್ ಕಣ್ಣು ಮುಚ್ಚಲಿಲ್ಲ, ಕುಯ್ ಎನ್ನಲಿಲ್ಲ, ವೋಲ್ಟೇಜು ಕೂದಲೆಳೆಯಷ್ಟೂ ಜಗ್ಗಲಿಲ್ಲ. ಮುನಿರಾಜುವಿನ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿ ಕನ್ನಡಿಯಲ್ಲಿ ಹಿಂದೆ ನೋಡಿದೆ. ವಿಮಲ ತಂಗಿಯ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ಇಬ್ಬರೂ ನನ್ನ ಬೆನ್ನನ್ನೇ ನೋಡುತ್ತಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಗಡಿಬಿಡಿಯಲ್ಲಿ ವಾಲ್ಯೂಮು ಇಳಿಸಿ, ಏನದು ಎಂದು ಕೇಳಿದೆ. ಅಕ್ಕತಂಗಿಯರು ಒಟ್ಟಿಗೆ ಹೇಳಿದರು:

"ಏನಿಲ್ಲ ಬಿಡಿ."