ಸದ್ದಿಲ್ಲದ ಡಿಸ್ಕು

ಕೆಲಸ ಕೆಡಿಸಿ ಬೈಸಿಕೊಳ್ಳುವವರು ಎಲ್ಲ ಊರಿನಲ್ಲೂ ಇದ್ದಾರೆ. ನಾನು ಕಂಪ್ಯೂಟರ್ ರಿಪೇರಿಯವನು. ಕೆಲಸ ಚೆನ್ನಾಗಿ ಮಾಡಿದ್ದಕ್ಕೇ ಆಗಾಗ ಬೈಸಿಕೊಳ್ಳುತ್ತೇನೆ.

ನನ್ನ ಅಂಗಡಿ ಸೊರಬದಲ್ಲಿ. ಶಿಕಾರಿಪುರದಲ್ಲಿ ಸಿಕ್ಕ ಮೊದಲ ಗಿರಾಕಿ ಒಬ್ಬರು ಜೆರಾಕ್ಸ್ ಅಂಗಡಿಯ ಯಜಮಾನರು. ಜನರ ಜಮೀನಿನ ಕಾಗದ ಸ್ಕ್ಯಾನ್ ಮಾಡಿಟ್ಟು, ಕೇಳಿದಾಗ ಪ್ರಿಂಟ್ ಕೊಡುತ್ತಿದ್ದರು. ಅವರ ಮುದಿ ಹಾರ್ಡ್ ಡಿಸ್ಕ್ ತೆಗೆದು ಒಳಗೆ ತಿರುಗುವ ತಟ್ಟೆಯೇ ಇಲ್ಲದ, ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿದೆ.

"ಒಂದು ವಾರ ನೋಡ್ತೀನ್ರೀ. ನನ್ನ ಗಿರಾಕಿಗಳು ಒಪ್ಪಿದ್ರೆ ಇರ್ಲಿ, ಇಲ್ಲಾಂದ್ರೆ ಕಿತ್ಕೊಂಡು ಹೋಗ್ರಿ" ಎಂದರು.

ಇಲ್ಲಿ ಕೆಟ್ಟ ಹೆಸರು ಬಂದರೆ ಶಿಕಾರಿಪುರದಲ್ಲಿ ಮತ್ಯಾರೂ ನನ್ನನ್ನು ಕರೆಯುವುದಿಲ್ಲ ಎಂದು ನನಗೆ ನಿಜವಾಗಿಯೂ ಭಯವಿತ್ತು.

ಕುರಿ ಎಣಿಕೆ

ಕೆಟ್ಟರೆ ಇರಲೆಂದು ಹೊಸ ಡಿಸ್ಕಿನಿಂದ ಅಂಥದೇ ಇನ್ನೊಂದಕ್ಕೆ ನಕಲು ತೆಗೆಯಬೇಕಿತ್ತು. "ಟೀ ಬರುವಷ್ಟರಲ್ಲಿ ಮುಗಿಯುತ್ತೆ" ಎಂದು ಕೊಚ್ಚಿಕೊಂಡೆ. ಯಜಮಾನರ ಮಗಳ ಮದುವೆ ವಿಡಿಯೋ ಕಣ್ಣು ಮಿಟುಕಿಸುವುದರೊಳಗೆ ದಾಟಿತು. ಆಮೇಲೆ ಸ್ಕ್ಯಾನ್ ಕಾಗದಗಳು, ಸಾವಿರಾರು ಪುಟ್ಟ ಫೈಲುಗಳು. ಟೀ ಬಂತು, ಆರಿತು, ಕೆನೆಗಟ್ಟಿತು. ನಕಲು ಮುಗಿಯಲಿಲ್ಲ.

ಪ್ರಿಂಟಿಗೆ ಕಾಯುತ್ತಿದ್ದ ಅಂಜನಾಪುರ ಕಡೆಯ ಕುರಿ ಸಾಕುವ ಅಜ್ಜ ಕಾರಣ ಕೇಳಿದ.

"ಡಿಸ್ಕು ವೇಗವೇ, ಅಜ್ಜ. ಆದ್ರೆ ಫೈಲ್ ಸಿಸ್ಟಮ್ ಅಂತ ಒಂದಿದೆ. ಅದು ಪ್ರತಿ ಫೈಲನ್ನೂ ಪಟ್ಟಿಗೆ ಬರ್ಕೊಂಡೇ ಒಳಗೆ ಬಿಡೋದು."

"ಹಂಗಾರೆ ದೊಡ್ಡಿ ಬಾಗಿಲು ಎಷ್ಟು ಅಗಲ ಮಾಡಿದ್ರೇನು ಬಂತು? ಎಣಿಸೋನು ಒಬ್ಬನೇ ಅದಾನಲ್ಲ!"

"ಇಬ್ಬರನ್ನ ನಿಲ್ಲಿಸಿದ್ರೆ?"

"ನಾನೂ ತಮ್ಮನೂ ಎಣಿಸಿ ನೋಡೀವಿ. 'ನೀ ತಡಿ, ನೀ ತಡಿ' ಅನ್ನೋದೇ ಆತು. ಕುರಿ ಹೊರಗೇ ಉಳಿದ್ವು."

ಡಿಪ್ಲೊಮಾದಲ್ಲಿ ನಾನು ಫೇಲಾಗಿದ್ದು ಇದೇ ಪಾಠದಲ್ಲಿ.

ಕಲಸಿದ ಹಿಟ್ಟು

ಮರುದಿನ ಪಕ್ಕದ ಚಾ ಅಂಗಡಿಯವನು ನನ್ನನ್ನು ರಸ್ತೆಯಲ್ಲೇ ತಡೆದ.

"ಆ ಕಂಪ್ಯೂಟರಿಗೆ ಏನ್ ಮಾಡಿದ್ರಿ? ಮೊದ್ಲು ಒಂದು ಕಾಗದ ಬರೋದ್ರೊಳಗೆ ಜನ ಮಿರ್ಚಿ ಬಜ್ಜಿ ತಿಂದು, ಚಾ ಕುಡಿದು, ಮತ್ತೆ ಮಿರ್ಚಿ ತಿಂತಿದ್ರು. ಈಗ ನಿಂತ ಕಾಲಲ್ಲೇ ಹೋಗ್ತಾರೆ!"

"ಕೆಲಸ ಬೇಗ ಆದ್ರೆ ಒಳ್ಳೇದಲ್ವಾ?"

"ಕಲಸಿದ ಹಿಟ್ಟು ಏನ್ ಮಾಡ್ಲಿ ಹೇಳ್ರಿ."

ತಪ್ಪುಕಾಣಿಕೆಯೆಂದು ಎರಡು ಪ್ಲೇಟ್ ಮಿರ್ಚಿ ನಾನೇ ತಿಂದೆ.

ಕರ್ ಕರ್

ಆರನೆಯ ದಿನ ಯಜಮಾನರ ಫೋನು: "ಬಂದು ಕಿತ್ಕೊಂಡು ಹೋಗ್ರಿ."

ಎದ್ದುಬಿದ್ದು ಓಡಿದೆ. ಅದೇ ಅಜ್ಜ ಪ್ರಿಂಟ್ ಮುಟ್ಟದೆ ಕೂತಿದ್ದ.

"ಕೇಳಿದ ಕೂಡ್ಲೇ ಕೊಡ್ತು. ಹುಡುಕಲೇ ಇಲ್ಲ. ಯಾರ್ದೋ ಕಾಗದ ಇರಬೇಕು."

"ನಿಮ್ಮ ಹೆಸರೇ ಇದೆಯಲ್ಲ ಅಜ್ಜ, ಸರ್ವೆ ನಂಬರೂ ಸರಿ ಇದೆ."

"ಇರಬಹುದ್ರಿ. ಹಳೇದು ಕರ್ ಕರ್ ಅಂತ ಎಷ್ಟು ಕಷ್ಟಪಟ್ಟು ಹುಡುಕ್ತಿತ್ತು! ಇದು ಉಸಿರೇ ಬಿಡಲ್ಲ."

ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ನನ್ನ ಶಿಕಾರಿಪುರದ ವ್ಯಾಪಾರ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆಗ ಮೇಜಿನ ಮೂಲೆಯಲ್ಲಿ ಬಿದ್ದಿದ್ದ ಮುದಿ ಡಿಸ್ಕ್ ಕಣ್ಣಿಗೆ ಬಿತ್ತು. ಅದನ್ನು ಮತ್ತೆ ಕಂಪ್ಯೂಟರಿನ ಡಬ್ಬಿಯೊಳಗೆ ಕೂರಿಸಿದೆ. ಕರೆಂಟು ಕೊಟ್ಟೆ, ಕೆಲಸ ಕೊಡಲಿಲ್ಲ. ಅದು ಕರ್ ಕರ್ ಎಂದು ಶುರುವಿಟ್ಟುಕೊಂಡಿತು. ಹೊಸ ಡಿಸ್ಕಿನಿಂದ ಕಾಗದ ತಟ್ಟನೆ ಬಂತು. ಅಜ್ಜ ಈ ಸಲ ಖುಷಿಯಿಂದ ಕೈಗೆ ತೆಗೆದುಕೊಂಡ.

"ಎರಡೂ ಇರ್ಲಿ" ಎಂದರು ಯಜಮಾನರು ನನ್ನ ಕಿವಿಯಲ್ಲಿ. ಹೋದ ಜೀವ ಬಂತು.

ಅಜ್ಜ ಮಾತ್ರ ಕಾಗದ ಮಡಚಿ ಹಿಡಿದು ಅಲ್ಲೇ ನಿಂತಿದ್ದ.

"ಕಾಗದ ಸಿಕ್ತಲ್ಲ ಅಜ್ಜ, ಹೊರಡ್ರಿ."

"ತಡೀರಿ, ಪಾಪ, ಅದು ಇನ್ನೂ ಹುಡುಕ್ತಾ ಐತಿ. ಅದಕ್ಕೆ ಸಿಕ್ಕ ಮೇಲೆ ಹೋಗ್ತೀನಿ."