ಎರಡು ಸ್ಯಾಕ್, ಒಂದು ಶುಕ್ರವಾರ

ಕುವೈತಿನ ಜಹ್ರಾದ ನಮ್ಮ ಲೇಡೀಸ್ ಟೈಲರ್ ಅಂಗಡಿಯಲ್ಲಿ ನಗೆಪಾಟಲಿಗೆ ಯಾವತ್ತೂ ರಜೆಯಿಲ್ಲ. ನಮಗೂ ಇರಲಿಲ್ಲ. ವಾರಕ್ಕೊಂದು ರಜೆ ಕಾನೂನಿನಲ್ಲಿದೆ. ಮಾಲೀಕನ ಕಿವಿಗೆ ಮಾತ್ರ ಬಿದ್ದಿರಲಿಲ್ಲ. ಕೊನೆಗೆ ಕಟಿಂಗ್ ಮಾಡುವ ನಾನೂ, ಹೊಲಿಗೆಗೆಂದು ಊರಿಂದ ಆಗಷ್ಟೇ ಬಂದ, ನಾವು 'ಬಾಯಿ' ಎಂದು ಕರೆಯುವ ಕೊಂಕಣಿ ಹೆಂಗಸೂ ಹೋಗಿ ಶುಕ್ರವಾರ ಕೇಳಿದೆವು. ಆಕೆಗೆ ಇಗರ್ಜಿಯ ಪೂಜೆ (ಇಲ್ಲಿ ಚರ್ಚೂ ಶುಕ್ರವಾರವೇ), ನನಗೆ ನಿದ್ದೆ. ಎರಡೂ ಪವಿತ್ರವೇ.

೧. ಸ್ಯಾಕ್

ಮರುದಿನ ಮಾಲೀಕ ಬಾಗಿಲಲ್ಲೇ ಕೂಗಿದ: "ಈ ವಾರ ಎರಡು ಸ್ಯಾಕ್!"

ಸ್ಯಾಕ್ ಅಂದರೆ ಕೆಲಸದಿಂದ ವಜಾ. ರಜೆ ಕೇಳಿದವರೂ ಇಬ್ಬರೇ. ಬಾಯಿ ಅಳತೊಡಗಿದಳು. ನಾನು ಭಾಷಣಕ್ಕೆ ಎದ್ದುನಿಂತೆ: "ತೆಗೆಯಲು ಕಾರಣ ಕೊಡಿ!"

ಆತ ಮೊಬೈಲ್ ತೋರಿಸಿದ. ಗಿರಾಕಿ ಮೇಡಂ ಮನೆಯ ಮದುವೆಗೆ ಹದಿನೆಂಟನೇ ಶತಮಾನದ ಯುರೋಪಿನ ಅರಮನೆಯ ಗೌನುಗಳು ಬೇಕಂತೆ. ಸ್ಯಾಕ್ ಅಂದರೆ ಅದರಲ್ಲಿ ಫ್ರೆಂಚ್ ಬಗೆ; ಬೆನ್ನಿನ ನೆರಿಗೆಗಳು ಕತ್ತಿನಿಂದ ನೆಲದವರೆಗೆ ಸಡಿಲವಾಗಿ ಇಳಿಯುತ್ತವೆ.

ಬಾಯಿ ಕಣ್ಣೊರೆಸಿಕೊಂಡು ಬಟ್ಟೆಯ ರಾಶಿ ನೋಡಿದಳು. "ಇದಕ್ಕಿಂತ ಆ ಸ್ಯಾಕೇ ಒಳ್ಳೇದಿತ್ತು, ಮಾಸ್ಟ್ರೇ."

೨. ಎತ್ತಿ ಕಟ್ಟಿದ್ದು

ಮೇಡಂ ತಂಗಿಗೆ ಪೊಲೊನೇಸ್ ಎಂಬ ಇನ್ನೊಂದು ಬಗೆಯ ಗೌನು. ಒಳಗಿನ ದಾರ ಎಳೆದರೆ ಹಿಂದಿನ ಲಂಗ ಮೂರು ಉಬ್ಬಾಗಿ ಮೇಲೇಳುತ್ತದೆ.

"ನಮ್ಮಲ್ಲಿ ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಸೀರೆ ಎತ್ತಿ ಕಟ್ಟುವುದಿಲ್ವಾ, ಅದೇ!" ಅಂದಳು ಬಾಯಿ. ನಾನು ಹಿಂದಿಯಲ್ಲಿ ಮಾಲೀಕನಿಗೆ ಹೇಳಿದೆ.

"ಅವರೂ ಅರಮನೆಯವರಾ?"

"ಇಲ್ಲ. ಅವರಿಗೂ ಶುಕ್ರವಾರ ರಜೆಯಿಲ್ಲ."

೩. ಯಲ್ಲಾ

ಸ್ಯಾಕಿನ ನೆರಿಗೆಗಳನ್ನು ಭುಜದ ಹತ್ತಿರ ಮಾತ್ರ ಹೊಲಿಯಬೇಕು. ನಾನು ಊಟಕ್ಕೆ ಹೋಗಿದ್ದೆ. ಎಷ್ಟು ಹೊಲಿಯಲಿ ಎಂದು ಬಾಯಿ ಕೈಸನ್ನೆಯಲ್ಲಿ ಮಾಲೀಕನನ್ನೇ ಕೇಳಿದಳು.

"ಯಲ್ಲಾ, ಯಲ್ಲಾ!" ಅಂದನಂತೆ ಆತ. ಅರಬ್ಬಿಯಲ್ಲಿ ಅದು 'ಬೇಗ, ಬೇಗ'. ಮನೆಮಾತು ಕೊಂಕಣಿಯಾದರೂ ಬಾಯಿಯ ಕಿವಿ ಕನ್ನಡದ್ದು. ಎಲ್ಲಾ ಹೊಲಿದಳು, ಸೊಂಟದವರೆಗೆ!

ನೆರಿಗೆ ಬೆನ್ನಿಗಂಟಿದರೆ ಅದು ಇಂಗ್ಲಿಷ್ ಗೌನು. ನಾನು ಊಟ ಮುಗಿಸುವಷ್ಟರಲ್ಲಿ ಫ್ರಾನ್ಸ್ ಹೋಗಿ ಇಂಗ್ಲೆಂಡ್ ಬಂದಿತ್ತು. ಮಾಲೀಕ ಸಿಟ್ಟಿನಲ್ಲಿ ಕುಣಿದಾಡಿದ, ಇಬ್ಬರನ್ನೂ ಊರಿಗೆ ಕಳಿಸುತ್ತೇನೆಂದ. ಅಷ್ಟರಲ್ಲಿ ಮೇಡಂ ಬಂದು, ತೊಟ್ಟು, ಕನ್ನಡಿ ನೋಡಿದರು. "ಮಾಶಾಲ್ಲಾ! ಸೊಂಟ ಕಾಣುತ್ತಿದೆ! ಇನ್ನೊಂದೂ ಹೀಗೇ ಇರಲಿ."

"ನಾನೇ ಹೇಳಿ ಮಾಡಿಸಿದ್ದು," ಅಂದ ಮಾಲೀಕ.

೪. ಎಲ್ಲಾ

ಮೇಡಂ ಆಚೆ ಹೋದದ್ದೇ ಕೇಳಿದೆ: "ಹಾಗಾದರೆ ನಮಗೆ ಶುಕ್ರವಾರ ರಜೆ?"

ಆತ ಮೆಷಿನ್ ಕಡೆ ಕೈಬೀಸಿದ: "ಯಲ್ಲಾ, ಯಲ್ಲಾ!"

ಈ ಹೊತ್ತಿಗೆ ಅರ್ಥ ನನಗೂ ಗೊತ್ತು, ಬಾಯಿಗೂ ಗೊತ್ತು. ಆದರೂ ಆಕೆ ಕೈಮುಗಿದಳು: "ಎಲ್ಲಾ ಶುಕ್ರವಾರವೂ ಅಂತೆ, ಮಾಸ್ಟ್ರೇ!"

ಶುಕ್ರವಾರ ಅಂಗಡಿಗೆ ನಾವು ಕಾಲಿಡಲಿಲ್ಲ. ನಿದ್ದೆ ಮುಗಿಸಿ ನಾನೂ ಇಗರ್ಜಿಯ ಹೊರಗೆ ಆಕೆಯ ಜೊತೆ ನಿಂತಿದ್ದಾಗ ಬಾಯಿಯ ಫೋನ್ ಬಡಿದುಕೊಂಡಿತು. ಮಾಲೀಕ. ರಜೆ ಕೊಟ್ಟವರು ಯಾರೆಂದು ಗರ್ಜಿಸುತ್ತಿದ್ದ.

"ನೀವೇ ಸಾರ್, ಎರಡೆರಡು ಸಲ ಹೇಳಿದಿರಿ," ಅಂದಳು ಬಾಯಿ, ನಾನು ಹೇಳಿಕೊಟ್ಟ ಹಿಂದಿಯಲ್ಲಿ.

ಆತ ಕಿರುಚಿದ್ದು ನನಗೂ ಕೇಳಿಸಿತು: "ಯಲ್ಲಾ! ಯಲ್ಲಾ!"

ಬಾಯಿ ಫೋನಿಗೆ ಕೈ ಅಡ್ಡ ಹಿಡಿದಳು. "ಶನಿವಾರವೂ ಅಂತೆ, ಮಾಸ್ಟ್ರೇ!"