ಕೂಗದ ಬೋರ್ಡು

ನಮ್ಮ ಯಜಮಾನರು ಮಾಡಿದ ಯಂತ್ರಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಿಹೋದವರ ಬಗ್ಗೆ ಬರೆಯುವಾಗ ಹೊಗಳಬೇಕಂತೆ. ಬೇರೆ ಯಾರಾದರೂ ಹೊಗಳಿಕೊಳ್ಳಲಿ, ಅವರ ಮನೆಯ ಬೇಳೆ ಹಾಳಾಗಿಲ್ಲವಲ್ಲ!

ಅವರು ಬಸ್ಸಿನ ಕಂಡಕ್ಟರಾಗಿದ್ದವರು. ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ, ಬೇತಮಂಗಲ ಎಂದು ಬಾಗಿಲಲ್ಲಿ ನೇತಾಡಿಕೊಂಡೇ ಕೂಗಿ ಕೂಗಿ ಸರ್ವಿಸ್ ಮುಗಿಸಿದರು. ನಿವೃತ್ತರಾದ ಮೇಲೆ ಉಳಿದ ಗಂಡಸರು ಇಸ್ಪೀಟಾಡುತ್ತಾರೆ, ಇಲ್ಲವೇ ಹೆಂಡತಿ ಮಾಡಿದ ಸಾರಿನಲ್ಲಿ ಉಪ್ಪು ಹುಡುಕುತ್ತಾರೆ. ನಮ್ಮವರಿಗೆ ಸಿಕ್ಕಿದ್ದು ಮಗಳ ಕಾಲೇಜಿನ ಪ್ರಾಜೆಕ್ಟಿನಲ್ಲಿ ಉಳಿದಿದ್ದ ಒಂದು ನೀಲಿ ಹಲಗೆ. ಬಿಸ್ಕತ್ತಿಗಿಂತ ಸ್ವಲ್ಪ ದೊಡ್ಡದು, ಅಂಚಿನುದ್ದಕ್ಕೂ ತೂತು, ನಡುವೆ ಜಿರಳೆ ಕೂತ ಹಾಗೆ ಒಂದು ಕಪ್ಪು ಚಿಪ್ಪು. ಮೈಕ್ರೋಕಂಟ್ರೋಲರ್ ಬೋರ್ಡ್ ಅಂತ ಅದರ ಹೆಸರು. ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬರೆದು ಅದಕ್ಕೆ ತುಂಬಿಸಿದರೆ ನಾವು ಹೇಳಿದ ಹಾಗೆ ಕೇಳುತ್ತದಂತೆ.

"ಈ ಮನೇಲಿ ಏಳಿದ್ ಮಾತು ಕೇಳೋದು ಇದೊಂದೇ ಕಣೇ," ಎಂದರು.

ಬಸ್ಸಿನ ಬೋರ್ಡು ತಿರುಗಿಸುತ್ತಿದ್ದ ಕೈಗೆ ಈ ಬೋರ್ಡು ಸಿಕ್ಕಿತು. ಗುರುಗಳು ಯಾರು ಗೊತ್ತೆ? ಫೋನಿನಲ್ಲಿ ತಮಿಳಿನಲ್ಲಿ ಪಾಠ ಹೇಳುವ ಒಬ್ಬ ಮೀಸೆ ಮೂಡದ ಮಹಾನುಭಾವ! ಶಿಷ್ಯರು ಮೊದಲ ವಾರ ಕೈ ಸುಟ್ಟುಕೊಂಡರು, ಎರಡನೇ ವಾರ ನನ್ನ ಮೇಜಿನ ಬಟ್ಟೆ ಸುಟ್ಟರು. ಇದನ್ನು ಪ್ರಗತಿ ಎಂದು ಕರೆದರು.

ಮೊದಲ ಪ್ರಯೋಗ ನಲ್ಲಿಯ ಮೇಲೆ ನಡೆಯಿತು. ನಮ್ಮ ಬೀದಿಗೆ ಬರುವುದು ಬೇತಮಂಗಲದ ಕೆರೆಯ ನೀರು. ಯಾವ ದಿನ, ಯಾವ ಹೊತ್ತಿಗೆ ಬರುತ್ತದೆಂದು ಆ ಕೆರೆಗೂ ಗೊತ್ತಿರಲಿಕ್ಕಿಲ್ಲ. ತಪ್ಪಿತೋ, ಮುಂದಿನ ಸರದಿಯವರೆಗೆ ಟ್ಯಾಂಕರಿನವನ ಮುಖ ನೋಡುತ್ತ ಕೂರಬೇಕು. ಅದಕ್ಕೇ ಇಲ್ಲಿ ಎಲ್ಲರೂ ನಲ್ಲಿ ತಿರುಗಿಸಿಟ್ಟು, ಕೆಳಗೆ ಖಾಲಿ ಸ್ಟೀಲ್ ಬಿಂದಿಗೆ ಇಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ನೀರು ಬಿದ್ದ ಕೂಡಲೇ ಬಿಂದಿಗೆಯೇ ಕರೆಯುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಯಾಕೋ ಒಂದೆರಡು ಸಲ ನೀರು ತಪ್ಪಿತು. ಬಿಂದಿಗೆ ಹೊಸದು, ದಪ್ಪ ತಗಡು, ಸದ್ದೇ ಬರುವುದಿಲ್ಲ ಎಂದು ನಾನು ಪಾತ್ರೆ ಅಂಗಡಿಯವನಿಗೆ ಶಾಪ ಹಾಕಿದೆ. ಇವರು ಶಾಪ ಹಾಕಲಿಲ್ಲ. ನಲ್ಲಿಯ ಬಾಯಿಗೆ ಎರಡು ತಂತಿ ಕಟ್ಟಿ, ಗೋಡೆಗೆ ಬೋರ್ಡು ಬಡಿದು, ಅದರ ಪಕ್ಕದಲ್ಲಿ ಗುಂಡಿಯಷ್ಟು ಸಣ್ಣ ಬಜರ್ ಅಂಟಿಸಿದರು.

"ತಂತಿಗೆ ನೀರು ಸೋಕಿದ್ರೆ ಸಾಕು, ಬೀದಿಗೆಲ್ಲ ಕೇಳ್ಸೋ ಅಂಗೆ ಕೂಗ್ತೈತೆ. ನೋಡ್ತಿರು."

ನೋಡಿದೆ. ಅವರು ಪೆನ್ಶನ್ ಕೆಲಸಕ್ಕೆಂದು ಬಂಗಾರಪೇಟೆಗೆ ಹೋದ ದಿನವೇ ನೀರು ಬಂತು. ನಾನು ಹಿತ್ತಲಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದೆ. ಬಿಂದಿಗೆ ತುಂಬಿ, ಅಂಗಳ ತುಂಬಿ, ನೀರು ಬೀದಿ ಸೇರಿತು. ಬೋರ್ಡು ತುಟಿ ಪಿಟಕ್ಕೆನ್ನಲಿಲ್ಲ! ಸಾಯಂಕಾಲ ಬಂದವರಿಗೆ ಮಂಗಳಾರತಿ ಎತ್ತಿದೆ. ಅವರು ಒಂದು ಲೋಟ ನೀರು ತಂದು ತಂತಿಯ ಮೇಲೆ ಹುಯ್ದರು. ಬೋರ್ಡಿನ ಮುಖ ನೋಡಿದರು, ನನ್ನ ಮುಖ ನೋಡಿದರು. ಇನ್ನೊಂದು ಸಲ ಹುಯ್ದರು. ಆಮೇಲೆ ಲೋಟ ಬೋರಲು ಹಾಕಿ, "ಬೆಸುಗೆ ಬಿಟ್ಟೈತೆ," ಎಂದರು.

ಅಂದಿನಿಂದ ಅದಕ್ಕೆ ಮೂಗ ಬೋರ್ಡು ಎಂದು ನಾನೇ ಹೆಸರಿಟ್ಟು ಬೀದಿಗೆಲ್ಲ ಹಂಚಿದೆ. ನಮ್ಮ ಮನೆಯ ನಿಜವಾದ ಯಂತ್ರವೆಂದರೆ ಪಕ್ಕದ ಮನೆಯ ಸೆಲ್ವಿ. ಅವರಿಲ್ಲದಾಗ ನೀರು ಬಂತೆಂದರೆ ಸಾಕು, "ಅಕ್ಕಾ, ತಣ್ಣಿ," ಎನ್ನುತ್ತ ಓಡಿ ಬರುವಳು. ಆ ಹುಡುಗಿಗೆ ತಂತಿ ಬೇಡ, ಕಂಪ್ಯೂಟರ್ ಬೇಡ!

ಆ ಬೋರ್ಡುಗಳಿಗೆ ಎಣಿಸುವುದೂ ಬರುತ್ತಿರಲಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಲೆಕ್ಕ ತೋರಿಸಲು ಒಂದನ್ನು ಒಲೆಯ ಹತ್ತಿರ ಕೂರಿಸಿದರು. ಕುಕ್ಕರ್ ಎರಡು ಕೂಗಿದರೆ ಅದು ಐದು ಎನ್ನುತ್ತಿತ್ತು. ನಾನೇನು ಎಣಿಸಲಾರದವಳೆ? ಇನ್ನೊಂದು ಕೂಗಲಿ ಎಂದು ಕಾದೆ. ಬೇಳೆ ಗೋಡೆಗೆ ಭಿತ್ತಿಪತ್ರ ಅಂಟಿಸುವಷ್ಟು ಹದವಾಗಿ ಬೆಂದಿತ್ತು. ಹೊಸ ಅಂಗಡಿಯ ಬೇಳೆಯೇ ಸರಿಯಿಲ್ಲ ಎಂದೆ. ಅವರು ಆ ಅಂಟನ್ನು ಅನ್ನಕ್ಕೆ ಕಲಸಿಕೊಂಡು, "ನುಣ್ಣಗೈತೆ," ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ಯಂತ್ರ ಕೆಟ್ಟವರಿಗೆ ನಾಲಿಗೆಯೂ ಕೆಡುತ್ತದೆಯೆ?

ಕೂಗುವುದು ಸಾಧ್ಯವಿಲ್ಲವೆಂದು ಆಮೇಲೆ ದೀಪಗಳಿಗೆ ಇಳಿದರು. ಅಡುಗೆಮನೆಯ ಕಿಟಕಿಗೆ ಕೆಂಪು ದೀಪ, ನೀರು ಬಂದರೆ ಹತ್ತುತ್ತದೆ. ದೇವರ ಗೂಡಿನ ಪಕ್ಕ ಹಸಿರು ದೀಪ, ಹಾಲಿನವನು ಬಾಗಿಲ ಗುಂಡಿ ಒತ್ತಿದರೆ ಮಿಂಚುತ್ತದೆ. ಫೋನಿಗೊಂದು ನೀಲಿ. ಬಂದ ನೆಂಟರು ಮನೆಯಲ್ಲಿ ಮದುವೆಯೇನಾದರೂ ಇದೆಯೆ ಎಂದು ಕೇಳಿದರು. ಡೆಕೊರೇಶನ್ ಎಂದರು ಇವರು, ನಾಚಿಕೆಯಿಲ್ಲದೆ.

ಇದರ ಜೊತೆಗೆ ಹೊಸ ಚಾಳಿಯೊಂದು ಅಂಟಿತು. ಮೊದಲೆಲ್ಲ ಜಗಲಿಯಿಂದಲೇ ಕಾಫಿ ಎಂದು ಕೂಗುತ್ತಿದ್ದವರು ಈಗ ಎದ್ದು, ಚಪ್ಪಲಿ ಬಿಟ್ಟು, ಅಡುಗೆಮನೆಗೆ ಬಂದು, ನನ್ನ ಎದುರಿಗೆ ನಿಂತು ಕೇಳತೊಡಗಿದರು. "ಟಿಕೆಟ್ ಕೊಡಾಕೆ ಸೀಟತ್ರ ಬಂದ್ರಾ?" ಎಂದು ಆಡಿಕೊಂಡೆ.

"ಊಂ ಕಣೇ. ಕೊನೇ ಸೀಟು, ಬರ್ಲೇಬೇಕಲ್ಲ."

ಅವರು ಹೋದದ್ದು ಒಂದು ಬೆಳಗ್ಗೆ, ಕಾಫಿ ಲೋಟ ಕೈಯಲ್ಲಿರುವಾಗಲೇ. ಆಗಲೂ ಬಂದು ನನ್ನ ಎದುರಿಗೇ ಕೂತಿದ್ದರು.

ತಿಥಿ ಮುಗಿಯಿತು. ಮಗಳು ತಂತಿ, ಬೋರ್ಡುಗಳನ್ನೆಲ್ಲ ಕಿತ್ತು ಡಬ್ಬಕ್ಕೆ ತುಂಬಿ ತನ್ನ ಮನೆಗೆ ಒಯ್ಯುತ್ತೇನೆಂದಳು. ಒಯ್ಯಿ, ನನಗೆ ಗೋಡೆ ಸಿಗುತ್ತದೆ ಎಂದೆ. ಅವಳು ಡಬ್ಬ ತರಲು ಅಂಗಡಿಗೆ ಹೋದಾಗ ಕಿಟಕಿಯ ಕೆಂಪು ದೀಪ ಹತ್ತಿತು. ಬಿಂದಿಗೆ ಹಿಡಿದು ನಲ್ಲಿಗೆ ಹೋದೆ. ಸೆಲ್ವಿ ಆಗಲೇ ಓಡಿ ಬಂದಿದ್ದಳು.

"ಇನ್ ಮೇಲೆ ನೀನ್ ಬರೋದು ಬ್ಯಾಡ ಕಣಮ್ಮಾ, ದೀಪ ಐತಲ್ಲ. ನಿಮ್ ಮನೇಲಿ ಕೂತು ನಿಂಗೆ ಎಂಗೆ ಗೊತ್ತಾಗ್ತೈತೋ," ಎಂದೆ.

ಅವಳು ಗೋಡೆ ಕಡೆ ನೋಡಿದಳು. "ಕೂಗ್ತೈತಲ್ಲ ಅಕ್ಕಾ."

"ಯಾವ್ದು?"

ಸೆಲ್ವಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, ಒಂದೊಂದೇ ಮಾತಾಗಿ ಹೇಳಿದಳು. ಬೋರ್ಡು ಮೊದಲ ದಿನದಿಂದಲೂ ಕೂಗುತ್ತಿದೆ. ಬೀದಿಯ ಕೊನೆಗೂ ಕೇಳಿಸುತ್ತದೆ. ತಾವಿಲ್ಲದಾಗ ಅದು ಕೂಗಿದರೆ ಹೋಗಿ ನನಗೆ ಹೇಳಬೇಕೆಂದು ಯಜಮಾನರೇ ಸೆಲ್ವಿಗೆ ಒಪ್ಪಿಸಿದ್ದರು. ಅದು ಕೂಗುವ ವಿಷಯ ನನ್ನ ಮುಂದೆ ಎತ್ತಬೇಡಿ ಎಂದು ಬೀದಿಯವರಿಗೂ ಕೈಮುಗಿದು ಹೇಳಿಟ್ಟಿದ್ದರಂತೆ.

"ನಾನು ಕೇಳ್ದೆ ಅಕ್ಕಾ, ಯಾಕಣ್ಣಾ ಅವ್ರಿಗೇ ಏಳ್ಬಾರ್ದಾ ಅಂತ. ಅದ್ಕೆ ಅಣ್ಣ, ಅವ್ಳಮ್ಮನ್ನ ಊರೆಲ್ಲ ಕಿವುಡಮ್ಮ ಅಂತ ಆಡ್ಕೊಂಡಿದ್ಕೆ ಈಗ್ಲೂ ಅಳ್ತಾಳೆ, ನನ್ ಬೋರ್ಡೇ ಕೆಟ್ಟೈತೆ ಅಂದ್ಕೊಳ್ಲಿ ಬಿಡು ಅಂದ್ರು."

ನನಗೆ ಮಾತು ಕೇಳಿಸುತ್ತಿತ್ತು. ಎದುರಿಗೆ ನಿಂತು ಆಡಿದ ಮಾತೆಲ್ಲ ಕೇಳಿಸುತ್ತಿತ್ತು. ಕುಕ್ಕರ್, ಬಿಂದಿಗೆ, ಬಜರ್, ಇಂಥ ಕೀರಲು ಸದ್ದುಗಳು ಮಾತ್ರ ನನಗೆ ಹೇಳದೆ ಹೊರಟುಹೋಗಿದ್ದವು. ಅವು ಹೋದದ್ದು ನನಗಿಂತ ಮೊದಲು ಅವರಿಗೆ ಗೊತ್ತಾಗಿತ್ತು.

ಸೆಲ್ವಿ ನನ್ನ ಬೆರಳು ಹಿಡಿದು ಬಜರಿನ ಮೇಲಿಟ್ಟಳು. ಮುಷ್ಟಿಯೊಳಗೆ ಸಿಕ್ಕಿದ ದುಂಬಿಯ ಹಾಗೆ ಅದು ನಡುಗುತ್ತಿತ್ತು.

"ಬಿಂದಿಗೆ ತುಂಬ್ತು ಅಕ್ಕಾ. ನಲ್ಲಿ ನಿಲ್ಸ್ಲಾ?"

ನಾನು ಬೆರಳು ತೆಗೆಯಲಿಲ್ಲ.

"ಬ್ಯಾಡ," ಎಂದೆ. "ಇನ್ನೊಂದು ಬಿಂದಿಗೆ ಇಡು."